ಹೃದಯದ ಪಾಲು

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೆ ಉಣಿಸುವವರು ಯಾರು? ಪ್ರಶ್ನೆಯು ಬಾಲಿಶವೆಂದು ತೋರಬಹುದು. ರಕ್ತದ ಮಡುವೇ ತಾನಾಗಿರುವ ಅಂಗಕ್ಕೆ ಕೊರತೆಯೆಲ್ಲಿಯದು? ಆದರೆ ಶರೀರಶಾಸ್ತ್ರವು ಇದಕ್ಕೆ ಕೊಡುವ ಉತ್ತರವು, ಹಂಚುವವನ ಧರ್ಮವೇನೆಂದು ವಿಚಾರಿಸುವವರು ಮನನ ಮಾಡತಕ್ಕುದಾಗಿದೆ.

ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ನನ ಮತದಂತೆ, ಉಂಡ ಅನ್ನವು ಯಕೃತ್ತಿನಲ್ಲಿ ರಕ್ತವಾಗಿ, ಅಂಗಾಂಗಗಳಿಗೆ ಹರಿದು, ಅಲ್ಲಿಯೇ ವ್ಯಯವಾಗಿಬಿಡುವುದು. ಹೋದುದು ಮರಳುವ ಮಾತಿಲ್ಲ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಸರಳವಾದೊಂದು ಲೆಕ್ಕವನ್ನು ಮುಂದಿಟ್ಟನು. ಹೃದಯವು ಅರ್ಧ ಗಂಟೆಯಲ್ಲಿ ಸಾವಿರಕ್ಕೂ ಮಿಕ್ಕಿ ಬಡಿಯುವುದು. ಬಡಿತಕ್ಕೆ ಹೊರಬೀಳುವುದು ಅತ್ಯಲ್ಪವೆಂದೇ ಹಿಡಿದರೂ ಒಟ್ಟು ಮೊತ್ತವು ದೇಹದಲ್ಲಿರುವ ರಕ್ತವನ್ನು ಮೀರುವುದು. ಯಾವ ಊಟದಿಂದಲೂ ಅಷ್ಟು ರಕ್ತ ಹುಟ್ಟಲಾರದು. ಆದುದರಿಂದ ಹೋದ ರಕ್ತವೇ ತಿರುಗಿ ಬರುತ್ತಿರಬೇಕು. ಹೋಗುವ ಅಪಧಮನಿಗಳನ್ನೂ ಬರುವ ಅಭಿಧಮನಿಗಳನ್ನೂ ಕೂಡಿಸುವ ಸೇತುವೆ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡನು.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತದೆ. ಅಷ್ಟೂ ತನ್ನ ಕೋಣೆಗಳ ಮೂಲಕವೇ ಹಾದುಹೋದರೂ, ಒಳಮೈಯ ತೆಳುವಾದ ಪದರವೊಂದನ್ನುಳಿದು, ಅದರ ದಪ್ಪನೆಯ ಸ್ನಾಯುವು ಅದರಿಂದ ನೇರವಾಗಿ ಏನನ್ನೂ ಪಡೆಯಲಾರದು. ಕೈಯಲ್ಲಿರುವುದು ತನ್ನದಲ್ಲ, ಕಳುಹಿಸಿಕೊಟ್ಟ ಮೇಲೆಯೇ ಅದರ ಪಾಲು. ಮಹಾಪಧಮನಿಯ ಬುಡದಲ್ಲಿ ಕವಲೊಡೆಯುವ ಎರಡು ಕಿರುನಾಳಗಳು ಹೃದಯವನ್ನು ಹೊರಗಿನಿಂದ ಬಳಸಿ ಬಂದು ಅದಕ್ಕೆ ಉಣಿಸುತ್ತವೆ. ಇನ್ನೂ ಒಂದು ಸೋಜಿಗವುಂಟು. ಎಡಭಾಗದ ಸ್ನಾಯುವು ದುಡಿಯುವಾಗ ಅದರ ಬಿಗಿತವೇ ಆ ನಾಳಗಳ ಕವಲುಗಳನ್ನು ಅದುಮುವುದು. ಆದುದರಿಂದ ಅದು ಬಹುಮಟ್ಟಿಗೆ ಉಣ್ಣುವುದು ಎರಡು ಬಡಿತಗಳ ನಡುವಣ ಸಡಿಲಿಕೆಯಲ್ಲಿ.

ಇಲ್ಲಿ ಆಕ್ಷೇಪವೊಂದು ಏಳುವುದು. ಆ ಎರಡು ನಾಳಗಳೇ ಮಹಾಪಧಮನಿಯ ಮೊಟ್ಟಮೊದಲ ಕವಲುಗಳು. ಮಿದುಳಿನ ಕವಲುಗಳು ಕೂಡ ಅವುಗಳ ಅನಂತರದವು. ಬಡಿಸುವವನು ಮೊದಲು ತನ್ನ ಎಲೆಗೇ ಬಡಿಸಿಕೊಂಡಂತಾಗಲಿಲ್ಲವೆ? ಅಹುದು, ಹಾಗೆಯೇ ಆಗಿದೆ. ಅದನ್ನು ಮರೆಮಾಚಿ ಹೃದಯವನ್ನು ತ್ಯಾಗಮೂರ್ತಿಯೆಂದು ಹೊಗಳುವುದು ಸತ್ಯಕ್ಕೆ ದೂರ. ಆದರೆ ಪಾಲಿನ ಅಳತೆಯನ್ನು ನೋಡಬೇಕು. ಅದು ಇಪ್ಪತ್ತರಲ್ಲಿ ಸುಮಾರು ಒಂದು. ತೂಕದಲ್ಲಿ ದೇಹದ ಇನ್ನೂರರಲ್ಲೊಂದು ಭಾಗದಷ್ಟಿರುವ ಅಂಗಕ್ಕೆ ಇದು ಹೆಚ್ಚೆನಿಸಬಹುದಾದರೂ, ಅದರ ಕಾಯಕಕ್ಕೆ ಹುಟ್ಟಿದಂದಿನಿಂದ ಬಿಡುವೇ ಇಲ್ಲ. ಮನುಷ್ಯನು ಓಡಿದಾಗ, ಭಾರ ಹೊತ್ತಾಗ ಅದಕ್ಕೆ ಹರಿಯುವ ರಕ್ತವು ಕೆಲವು ಪಟ್ಟು ಏರುವುದು. ಕುಳಿತಾಗ ತಾನಾಗಿ ಇಳಿಯುವುದು. ದುಡಿಮೆಯನ್ನು ಬಿಟ್ಟು ಬೇರೆ ಅಳತೆಗೋಲು ಅಲ್ಲಿಲ್ಲ. ಪಾಲು ನಿಂತುಹೋದರೆ ಹಸಿಯುವುದು ಹೃದಯವೊಂದೇ ಅಲ್ಲ, ಬೆರಳ ತುದಿಯವರೆಗೆ ಎಲ್ಲಕ್ಕೂ ಉಪವಾಸ. ತನ್ನ ದೇಹವನ್ನು ಸೊರಗಿಸಿಕೊಂಡು ಲೋಕಸೇವೆ ಮಾಡುವೆನೆಂಬವರು ಇದನ್ನು ಗಮನಿಸಿದಂತಿಲ್ಲ.

ಉಂಡುದರ ಮೇಲೆ ಕೂಡಿಡುವುದಕ್ಕೆ ಹೃದಯದಲ್ಲಿ ಎಡೆಯಿಲ್ಲ. ಮೇಲಿನ ಕೋಣೆಗಳು ಲಯ ತಪ್ಪಿ ಬರಿದೆ ಅದುರತೊಡಗಿದಾಗ ರಕ್ತವು ಅಲ್ಲಿನ ಮೂಲೆಯಲ್ಲಿ ನಿಲ್ಲುವುದುಂಟು. ನಿಂತ ರಕ್ತವು ಹೆಪ್ಪುಗಟ್ಟುವುದು. ಆ ಹೆಪ್ಪು ಕಳಚಿ ಮಿದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು.