ದಾಖಲಾಗದ ಸದ್ದು

ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸುವವರಿಗೆ ಎದುರಾಗುವ ಮೊದಲ ತೊಡಕು ನೋಡಲು ತಾಂತ್ರಿಕ, ಬಗೆಯಲ್ಲಿ ಪ್ರಮಾಣಶಾಸ್ತ್ರದ್ದು: ಮುದ್ರಿಕೆಯಲ್ಲಿ ಏನೂ ಕೇಳಿಸದಿದ್ದರೆ ಅಲ್ಲಿ ಸದ್ದೇ ಇರಲಿಲ್ಲ ಎನ್ನಬಹುದೇ? ಸಿದ್ದಾಪುರದ ದೊಡ್ಮನೆ ಸೀಮೆಯ ಜಗಲಿಯೊಂದರಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆಯನ್ನು ಲ್ಯಾಪ್‌ಟಾಪಿಗೆ ಇಳಿಸಿ, ಮರುದಿನ ಹಾಕಿದಾಗ ಬರೀ ನಿಶ್ಶಬ್ದ ಬಂದರೆ, ಭಾಗವತರು ಪದ್ಯವನ್ನೇ ಹೇಳಲಿಲ್ಲ ಎಂದು ಯಾರೂ ತೀರ್ಮಾನಿಸುವುದಿಲ್ಲ. ಸಂಶಯ ಹೋಗುವುದು ಸೌಂಡ್ ಕಾರ್ಡಿನ ಮೇಲೆ.

‘ಇಲ್ಲ’ ಎಂಬುದನ್ನು ತಿಳಿಯುವ ಬಗೆ ಯಾವುದು? ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಇದಕ್ಕೆ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಹೇಳಿದ. ನೈಯಾಯಿಕರು ಒಪ್ಪಲಿಲ್ಲ, ಅಭಾವವನ್ನೂ ಪ್ರತ್ಯಕ್ಷವೇ ಹಿಡಿಯುತ್ತದೆ ಎಂದರು. ಶಿರಸಿ ತಾಲೂಕಿನ ಸೋಂದಾ ಒಂದರಲ್ಲೇ ಈ ಭೇದದ ಎರಡು ತುದಿಗಳಿವೆ. ಸ್ವರ್ಣವಲ್ಲೀ ಮಠದ ಅದ್ವೈತ ಪರಂಪರೆ ವ್ಯವಹಾರದಲ್ಲಿ ಕುಮಾರಿಲನ ಅನುಯಾಯಿಗಳಾದ ಭಾಟ್ಟರ ಆರು ಪ್ರಮಾಣಗಳನ್ನು ಅನುಪಲಬ್ಧಿ ಸಹಿತ ಸ್ವೀಕರಿಸುತ್ತದೆ; ವಾದಿರಾಜರ ವೃಂದಾವನವಿರುವ ಸೋದೆ ಮಠದ ಮಾಧ್ವ ಪರಂಪರೆಗೆ ಪ್ರತ್ಯಕ್ಷ, ಅನುಮಾನ, ಆಗಮ ಮೂರೇ ಸಾಕು. ಜಗಳ ಎಷ್ಟೇ ಇದ್ದರೂ ಭಾಟ್ಟರೂ ನೈಯಾಯಿಕರೂ ಕೂಡುವ ಒಂದು ಮಾತಿದೆ: ಕಾಣದಿರುವುದು ಇಲ್ಲದಿರುವುದಕ್ಕೆ ಪುರಾವೆಯಾಗಬೇಕಾದರೆ ಯೋಗ್ಯತೆ ಬೇಕು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿ ಇರಬೇಕು. ಕತ್ತಲೆಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲವೆಂದಾಗದು.

ಸೌಂಡ್ ಕಾರ್ಡಿನ ದೋಷ ಹುಡುಕುವುದೆಂದರೆ ಈ ಯೋಗ್ಯತೆಯನ್ನು ಒಂದೊಂದೇ ಹಂತದಲ್ಲಿ ಪರೀಕ್ಷಿಸುವುದು. ಹೊರಗಿನ ಮೈಕ್ ಚುಚ್ಚಿದ್ದರೂ ತಂತ್ರಾಂಶ ಲ್ಯಾಪ್‌ಟಾಪಿನ ಒಳಮೈಕನ್ನೇ ಆಯ್ದುಕೊಂಡಿರಬಹುದು. ವಿಂಡೋಸ್ 10ರ ಗೋಪ್ಯತೆಯ ಸೆಟ್ಟಿಂಗಿನಲ್ಲಿ ಮೈಕಿಗೆ ಅನುಮತಿ ಇಲ್ಲದಿರಬಹುದು. ಮೇಜಿನ ಕಂಪ್ಯೂಟರಿನಲ್ಲಿ ಗುಲಾಬಿ ರಂಧ್ರ ಮೈಕಿಗೆ, ನೀಲಿ ರಂಧ್ರ ಲೈನ್‌ಗೆ. ಮಿಕ್ಸರಿನ ಬಲವಾದ ಸಂಕೇತವನ್ನು ಗುಲಾಬಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ, ಮೈಕನ್ನು ನೀಲಿಗೆ ಕೊಟ್ಟರೆ ಕೇಳಿಸುವುದೇ ಕಷ್ಟ. ಚಪ್ಪಾಳೆ ತಟ್ಟಿದಾಗ ಪರದೆಯ ಮೀಟರು ಏರಿಳಿಯಿತೆಂದರೆ ಅಲ್ಲಿಯವರೆಗಿನ ದಾರಿ ಸರಿ. ಅದಾದ ಮೇಲೂ ನಿಶ್ಶಬ್ದ ದಾಖಲಾದರೆ ಮಾತ್ರ ಆ ನಿಶ್ಶಬ್ದಕ್ಕೆ ಸಾಕ್ಷಿಯ ಬೆಲೆ.

ಗುಂಯ್‌ಗುಡುವಿಕೆಯ ವಿಷಯ ಇನ್ನೂ ಸ್ವಾರಸ್ಯದ್ದು. ಇಲ್ಲಿ ಇಲ್ಲದ್ದು ಕೇಳಿಸುತ್ತದೆ. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು; ಅದು ಧ್ವನಿಯ ತಂತಿಗೆ ಸೇರಿದರೆ 50 ಅಥವಾ 100 ಹರ್ಟ್ಸ್‌ನ ಗುಂಯ್‌ಕಾರವಾಗುತ್ತದೆ. ಮಲೆನಾಡಿನಲ್ಲಿ ‘ಮಳೆ ಬಂದಾಗಲೆಲ್ಲ ಗುಂಯ್ ಅನ್ನುತ್ತದೆ, ಥಂಡಿ ಹಿಡಿದಿದೆ’ ಎಂಬ ನಿರ್ಣಯ ಸುಲಭವಾಗಿ ಬಂದುಬಿಡುತ್ತದೆ. ನ್ಯಾಯಶಾಸ್ತ್ರ ಎಚ್ಚರಿಸುವ ಉಪಾಧಿದೋಷ ಇದೇ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಹೇಳಲಾಗದು, ನಡುವೆ ಹಸಿ ಕಟ್ಟಿಗೆ ಇದೆ. ಮಳೆಗೂ ಗುಂಯ್‌ಕಾರಕ್ಕೂ ನಡುವೆ ಇನ್ವರ್ಟರ್ ಇರಬಹುದು: ಮಳೆಗೆ ಕರೆಂಟು ಹೋಗುತ್ತದೆ, ಇನ್ವರ್ಟರ್ ಶುರುವಾಗುತ್ತದೆ, ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆ ಚಾರ್ಜರಿನ ಮೂಲಕ ಒಳನುಗ್ಗುತ್ತದೆ. ಅನ್ವಯ–ವ್ಯತಿರೇಕಗಳಿಂದ ಇದನ್ನು ತೀರಿಸಬಹುದು. ಬಿಸಿಲಿನ ದಿನ ಇನ್ವರ್ಟರ್ ನಡೆಸಿದಾಗಲೂ ಗುಂಯ್ ಎಂದರೆ ಅನ್ವಯ; ಜಡಿಮಳೆಯಲ್ಲಿ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ನಡೆಸಿದಾಗ ನಿಂತರೆ ವ್ಯತಿರೇಕ. ಮಿಕ್ಸರೂ ಕಂಪ್ಯೂಟರೂ ಬೇರೆ ಬೇರೆ ಗೋಡೆಯ ಪ್ಲಗ್ಗಿನಲ್ಲಿದ್ದರೆ ಅರ್ಥಿಂಗಿನ ಸುತ್ತು ಬಿದ್ದಿರುವುದೂ ಉಂಟು. ಎರಡನ್ನೂ ಒಂದೇ ಬೋರ್ಡಿಗೆ ಹಾಕಬೇಕು. ಅರ್ಥಿಂಗ್ ಪಿನ್ನು ಮುರಿದು ಹಾಕುವ ಉಪಾಯ ಚಾಲ್ತಿಯಲ್ಲಿದೆ, ಅದು ಜೀವಕ್ಕೇ ಅಪಾಯ.

ಚಟಪಟ ಸದ್ದು ಸಾಮಾನ್ಯವಾಗಿ ಬಫರ್, ಅಂದರೆ ಅಳೆದ ಮಾದರಿಗಳು ತಾತ್ಕಾಲಿಕವಾಗಿ ತಂಗುವ ಜಾಗ, ಸಾಲದ್ದರ ಗುರುತು. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 128 ಮಾದರಿಗಳ ಬಫರ್ ಮೂರು ಮಿಲಿಸೆಕೆಂಡನ್ನೂ ತುಂಬುವುದಿಲ್ಲ. 1,024ಕ್ಕೆ ಏರಿಸಿದರೆ ಸುಮಾರು 21. ಬರೀ ಮುದ್ರಣಕ್ಕೆ ಆ ತಡ ಅಡ್ಡಿಯಲ್ಲ. ಇನ್ನು 44,100ರಲ್ಲಿ ಮುದ್ರಿಸಿದ್ದನ್ನು ಯಂತ್ರ 48,000 ಎಂದು ಭಾವಿಸಿ ನುಡಿಸಿದರೆ ಶ್ರುತಿ ಹತ್ತಿರ ಹತ್ತಿರ ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ.

ಇದೇ ದೋಷ ವೇದಘೋಷದ ಮುದ್ರಿಕೆಯಲ್ಲಾದರೆ? ಉದಾತ್ತ, ಅನುದಾತ್ತ, ಸ್ವರಿತಗಳು ಪರಸ್ಪರ ಸಾಪೇಕ್ಷ. ಇಡೀ ಪಾಠ ಒಟ್ಟಿಗೆ ಮೇಲೇರಿದರೆ ಸ್ವರಭಂಗವಿಲ್ಲ. ಆದರೆ ಬಫರ್ ತಪ್ಪಿ ಒಂದು ಮಾತ್ರೆ ಉದುರಿದರೆ ದೀರ್ಘ ಹ್ರಸ್ವವಾಗಿಬಿಡುತ್ತದೆ. ಆಗ ಕೆಟ್ಟದ್ದು ಶಬ್ದವೇ, ಅದರ ವಾಹಕವೇ? ಮೀಮಾಂಸಕರ ಉತ್ತರ ಖಚಿತ: ವರ್ಣ ನಿತ್ಯ, ಗಾಳಿಯ ಕಂಪನ ಅದನ್ನು ವ್ಯಕ್ತಪಡಿಸುತ್ತದೆ ಅಷ್ಟೇ, ಏರಿಳಿತ, ಒಡಕು, ತಡೆ ಎಲ್ಲ ವ್ಯಂಜಕದ್ದು. ನೈಯಾಯಿಕರಿಗೆ ಶಬ್ದ ಹುಟ್ಟಿ ಸಾಯುವಂಥದ್ದು, ಒಂದು ಇನ್ನೊಂದನ್ನು ಅಲೆಯಂತೆ ಹುಟ್ಟಿಸುತ್ತ ಕಿವಿ ಮುಟ್ಟುವಂಥದ್ದು. ಜೈನರು ಶಬ್ದವನ್ನು ಪುದ್ಗಲದ, ಅಂದರೆ ದ್ರವ್ಯದ, ಪರ್ಯಾಯವೆಂದರು. ಸೋಂದಾದಲ್ಲೇ ಇರುವ ಸ್ವಾದಿ ಜೈನ ಮಠದ ಪರಂಪರೆಯದೂ ಆ ಮತವೇ. ಒತ್ತಡವನ್ನು ವಿದ್ಯುತ್ತಾಗಿಸಿ, ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆಯುವ ಸೌಂಡ್ ಕಾರ್ಡು ಕೊನೆಯ ಎರಡು ಪಕ್ಷಗಳಿಗೆ ಹೆಚ್ಚು ಹೊಂದುತ್ತದೆ ಎನಿಸುವುದು ಸಹಜ. ಆದರೂ ಒಡಕು ಮುದ್ರಿಕೆ ಕೇಳಿದವನು ‘ಇದು ಅದೇ ಗಕಾರ’ ಎಂದು ಗುರುತಿಸುತ್ತಾನಲ್ಲ, ಮೀಮಾಂಸಕರ ವಾದ ನಿಂತಿರುವುದು ಆ ಪ್ರತ್ಯಭಿಜ್ಞೆಯ ಮೇಲೆ. ಅಂಕಿಗಳ ಸಾಲಿನಲ್ಲಿ ಆ ಗುರುತು ಎಲ್ಲೂ ಇಲ್ಲ. ಹಾಗಾಗಿ ಯಂತ್ರ ಈ ವ್ಯಾಜ್ಯವನ್ನು ತೀರಿಸಲಾರದು.

ಅಧ್ಯಯನದ ಪ್ರಶ್ನೆ ಬೇರೆ. ಬರಹದಿಂದ ಕಲಿತ ವೇದವನ್ನೇ ಕುಮಾರಿಲ ಒಪ್ಪಿರಲಿಲ್ಲ, ಗುರುಮುಖವೇ ಬೇಕು. ಮುದ್ರಿಕೆಗೆ ಲಿಪಿಗಿಲ್ಲದ ಸ್ವರವಿದೆ ನಿಜ, ಆದರೆ ಶಿಷ್ಯನ ಸ್ವರ ತಪ್ಪಿದಾಗ ಅದು ತಡೆದು ತಿದ್ದುವುದಿಲ್ಲ. ತನ್ನಲ್ಲೇ ಮಾತ್ರೆ ಉದುರಿದ್ದರೆ ಶಿಷ್ಯ ಆ ತಪ್ಪನ್ನೇ ಪಾಠವೆಂದು ಒಪ್ಪಿಸುತ್ತಾನೆ. ಪಾಠ ಬಲ್ಲವರೊಬ್ಬರು ಮೊದಲಿನಿಂದ ಕೊನೆಯವರೆಗೆ ಕೇಳಿ ಒಪ್ಪಿದ ಮುದ್ರಿಕೆಯನ್ನಷ್ಟೇ ಅಭ್ಯಾಸಕ್ಕೆ ಕೊಡಬೇಕಾದದ್ದು ಈ ಕಾರಣಕ್ಕೆ.