ಮ್ಯಾಟಿನ ಕೆಳಗಿನ ತಂತಿ

ಹಳೇ ಕಾರು ತಗೊಳ್ಳೋರು ಬಾನೆಟ್ ಎತ್ತಿ ನೋಡ್ತಾರೆ, ಟೈರಿಗೆ ಒದ್ದು ನೋಡ್ತಾರೆ. ಮ್ಯಾಟ್ ಎತ್ತಿ ಯಾರೂ ನೋಡಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಕಾರು ನೋಡಲು ಯಲಬುರ್ಗಾ ಕಡೆಯಿಂದ ಬಂದ ಹಿರಿಯರೂ ನೋಡಲಿಲ್ಲ. ಮೊಮ್ಮಕ್ಕಳನ್ನು ಸಾಲಿಗೆ ಬಿಡಲು ಅವರಿಗೊಂದು ಗಾಡಿ ಬೇಕಿತ್ತು. ಹಾಡು ಹಚ್ಚಿಸಿ ಕೇಳಿದರು, ತಲೆ ಆಡಿಸಿದರು. ಆಮೇಲೆ ಒಂದೇ ಪ್ರಶ್ನೆ: "ಎಲ್ಲಾ ಬರೋಬ್ಬರಿ ಐತಿಲ್ರಿ?"

"ಹೂಂನ್ರಿ" ಅನ್ನೋದು ಗಂಟಲಲ್ಲೇ ನಿಂತಿತು.

ಆ ಹಾಡಿನ ವ್ಯವಸ್ಥೆ ಮಾಡಿದವನು ನಾನೇ. ಆರು ವರ್ಷದ ಹಿಂದೆ ಗಂಗಾವತಿಯಿಂದ 600 ವ್ಯಾಟ್‌ನ ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದಿದ್ದೆ. ಬಿಇ ಓದಿದವನಿಗೆ ಇಷ್ಟು ಬರಲ್ವಾ ಅನ್ನೋ ಸೊಕ್ಕು. ಬ್ಯಾಟರಿ ಮುಂದೆ, ಆಂಪ್ಲಿಫೈಯರ್ ಹಿಂದೆ ಡಿಕ್ಕಿಯಲ್ಲಿ. ನಡುವೆ ಸುಮಾರು ಐದು ಮೀಟರ್. ಮನೆಯಲ್ಲಿ ಉಳಿದಿದ್ದ 4 ಚದರ ಮಿಲಿಮೀಟರ್ ವೈರನ್ನು ಎಂಜಿನ್ ಹಿಂದಿನ ತಗಡಿಗೆ ತೂತು ಹೊಡೆದು ಒಳಗೆ ತಂದು, ಮ್ಯಾಟಿನ ಕೆಳಗೆ ಎಳೆದೆ. ಬ್ಯಾಟರಿ ಹತ್ತಿರ ಫ್ಯೂಸ್ ಹಾಕಲಿಲ್ಲ. ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಐತಲ್ಲ, ಮತ್ತೆ ಯಾಕೆ ಅಂದುಕೊಂಡೆ.

ಬಹಳ ಜನ ತಪ್ಪುವುದು ಇಲ್ಲೇ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ನಡುವಿನ ಐದು ಮೀಟರ್ ತಂತಿಗೆ ಕಾವಲುಗಾರ ಯಾರೂ ಇಲ್ಲ. ಕಾರಿನ ಇಡೀ ಮೈ ಬ್ಯಾಟರಿಯ ಮೈನಸ್. ತಂತಿಯ ಹೊದಿಕೆ ಎಲ್ಲಾದರೂ ಸವೆದು ತಗಡಿಗೆ ತಾಕಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಹಿಂದಿನ ಫ್ಯೂಸಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಅದಕ್ಕೇ ಇನ್ನೊಂದು ಫ್ಯೂಸ್ ಬ್ಯಾಟರಿಯಿಂದ ಎರಡು ಗೇಣಿನೊಳಗೆ ಇರಬೇಕು. ತಂತಿಯ ದಪ್ಪದಲ್ಲೂ ತಪ್ಪಿದ್ದೆ. 600 ವ್ಯಾಟ್‌ನ್ನು 12 ವೋಲ್ಟ್‌ನಿಂದ ಭಾಗಿಸಿದರೆ 50 ಆಂಪಿಯರ್. ಅಷ್ಟು ಹರಿದರೆ ಆ ತೆಳು ತಂತಿಯಲ್ಲೇ 60 ವ್ಯಾಟ್ ಬಲ್ಬಿನಷ್ಟು ಶಾಖ ಏಳುತ್ತದೆ, ಅದೂ ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಿ.

"ಎರಡು ದಿನ ತಡೀರಿ" ಅಂತ ಅವರನ್ನು ಕಳಿಸಿ ಮ್ಯಾಟ್ ಎತ್ತಿದೆ. ತಗಡಿನ ತೂತಿಗೆ ರಬ್ಬರ್ ಬಳೆ ಹಾಕಿರಲಿಲ್ಲ. ಅಂಚು ತಿಕ್ಕಿ ತಿಕ್ಕಿ ಹೊದಿಕೆ ಅರ್ಧ ಸವೆದಿತ್ತು. 16 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದೆ, ಬ್ಯಾಟರಿ ಪಕ್ಕ 60 ಆಂಪಿಯರ್ ಫ್ಯೂಸ್ ಹಾಕಿದೆ, ತೂತಿಗೆ ರಬ್ಬರ್ ಕೂರಿಸಿದೆ. ಅರ್ಧ ದಿನದ ಕೆಲಸ.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವನು ಅಂತ ನೀವೂ ಒಪ್ಪುತ್ತಿದ್ದಿರಿ, ನಾನೂ ಒಪ್ಪುತ್ತಿದ್ದೆ. ಆದರೆ ಪಕ್ಕದಲ್ಲಿ ನಿಂತು ಎಲ್ಲ ನೋಡಿದ ಅಪ್ಪ ಕೇಳಿದರು: "ಅಲ್ಲೋ ತಮ್ಮಾ, ಆರು ವರ್ಷ ನಮ್ಮನ್ನ ಇದರ ಮ್ಯಾಲ ಕುಂದ್ರಿಸಿದ್ದಿ?"

ಹೌದು. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಎಷ್ಟು ಸಲ ಹೋಗಿಲ್ಲ! ಗಂಗಾವತಿ ಪ್ರಾಣೇಶ್ ಭಾಷಣ ಹಚ್ಚಿ, ಅವ್ವ ಹಿಂದಿನ ಸೀಟಿನಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡಾಳೆ. ಅವಳ ಕಾಲಡಿಯೇ ಆ ತಂತಿ ಇತ್ತು. ಫ್ಯೂಸ್ ವಿಷಯ ನನಗೆ ಎರಡನೇ ವರ್ಷವೇ ತಿಳಿದಿತ್ತು. "ಮುಂದಿನ ಸಲ ಊರಿಗೆ ಬಂದಾಗ ಮಾಡೋಣ" ಅಂತ ಬಿಟ್ಟೆ. ನಮ್ಮವರ ಬಗ್ಗೆ ನಮಗೆ ಹೆಚ್ಚು ಕಾಳಜಿ, ಪರರ ಬಗ್ಗೆ ಕಡಿಮೆ ಅಂತ ನಂಬಿದ್ದವನು ನಾನು. ಇಲ್ಲಿ ಉಲ್ಟಾ ಆಗಿತ್ತು. ಅವ್ವನ ಕಾಲಡಿ ನಾಲ್ಕು ವರ್ಷ ಸುಮ್ಮನಿದ್ದ ತಪ್ಪು ಗುರುತಿಲ್ಲದವರ ಮೊಮ್ಮಕ್ಕಳ ಹೆಸರು ಬಂದ ಕೂಡಲೇ ಚುಚ್ಚಿತು.

ಯಾಕೆ? ನನಗನಿಸೋದು ಇಷ್ಟು. ಮನೆಯವರು "ಬರೋಬ್ಬರಿ ಐತೇನು?" ಅಂತ ಕೇಳೋದಿಲ್ಲ. ಕೇಳದೆ ನಂಬುತ್ತಾರೆ. ಕೇಳದಿದ್ದಾಗ ಸುಳ್ಳು ಹೇಳುವ ಪ್ರಸಂಗವೂ ಬರೋದಿಲ್ಲ, ಅದಕ್ಕೆ ಮನಸ್ಸು ಆರಾಮಾಗಿ ಮಲಗಿರುತ್ತದೆ. ಆಫೀಸಿನಲ್ಲೂ ನೋಡಿದ್ದೇನೆ: ಕೆಲಸ ಬಿಡುವವನು ಇನ್ನೊಬ್ಬರಿಗೆ ಕೋಡ್ ಒಪ್ಪಿಸಲು ಕೂತಾಗಲೇ ತಾನು ಮುಚ್ಚಿಟ್ಟ ತೇಪೆಗಳು ನೆನಪಾಗೋದು. ಹಾಗಾದರೆ ಒಪ್ಪಿಸುವ ದಿನವೇ ಬರದ ವಸ್ತುಗಳ ಗತಿ ಏನು?

ಹಿರಿಯರು ಬಂದಾಗ ಎಲ್ಲಾ ಹೇಳಿದೆ. ಹೊಸ ತಂತಿ ಮುಟ್ಟಿ ನೋಡಿದರು, ಸ್ವಲ್ಪ ಯೋಚಿಸಿದರು. "ಹಂಗಾರ ಇನ್ನೂ ಏನೇನ್ ಇರಬೇಕೋ ಏನೋ, ಎರಡು ಸಾವಿರ ಕಡಿಮಿ ಮಾಡ್ಕೊಳ್ರಿ" ಅಂದರು. ಮಾಡಿದೆ. ಖರೆ ಹೇಳಿದ್ದಕ್ಕೆ ಬಹುಮಾನ ಸಿಗಬೇಕಂತೇನಿಲ್ಲ.

ಅವತ್ತು ರಾತ್ರಿ ಬ್ಯಾಟರಿ ಹಿಡಿದು ಮನೆಯ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ನೋಡಿದೆ. ಫ್ಯೂಸ್ ವೈರ್ ಇರಬೇಕಾದ ಕಡೆ ದಪ್ಪನೆಯ ತಾಮ್ರದ ಎಳೆ ಸುತ್ತಿತ್ತು. ಯಾರು, ಯಾವಾಗ ಸುತ್ತಿದ್ದೋ ಅಪ್ಪನಿಗೂ ನೆನಪಿಲ್ಲ. ಈ ಮನೆ ನಾವು ಮಾರೋದಿಲ್ಲ, ಅದಕ್ಕೆ ಯಾರೂ ನೋಡಿರಲಿಲ್ಲ.

ಮರುದಿನ ಮುಂಜಾನೆ ಕುಷ್ಟಗಿಗೆ ಹೋಗಿ ಫ್ಯೂಸ್ ವೈರ್ ತಂದೆ.