ಹಳತನದ ಹಕ್ಕು

ಕಾಸರಗೋಡು ಜಿಲ್ಲೆಯ ದೇಲಂಪಾಡಿಯ ಆಸುಪಾಸಿನಲ್ಲಿ ಒಂದೊಂದು ಆರಾಧನೆಗೂ ಒಂದೊಂದು ಪ್ರಾಚೀನತೆಯ ಕಥೆಯಿದೆ. ಆದೂರಿನ ಮಹಾಲಿಂಗೇಶ್ವರನ ಸ್ಥಳಪುರಾಣ ಅರ್ಜುನನವರೆಗೆ ಹೋಗುತ್ತದೆ. ಪಯಸ್ವಿನಿಯ ನೀರು ಚಂದ್ರಗಿರಿ ಹೊಳೆಯಾಗಿ ಕಡಲು ಸೇರುವ ತಳಂಗರೆಯಲ್ಲಿ, ಮಾಲಿಕ್ ದೀನಾರ್ ಮಸೀದಿ ಹಿಜರಿ 22ರಷ್ಟು ಹಿಂದಿನದೆಂದು ಅಲ್ಲಿನ ಪರಂಪರೆ ಹೇಳುತ್ತದೆ. ದೈವಗಳ ಕಥೆ ಹಾಡುವ ಪಾಡ್ದನಗಳಂತೂ ಇಸವಿಯ ಗೊಡವೆಗೇ ಹೋಗುವುದಿಲ್ಲ. ಕಥೆಗಳು ಕಥೆಗಳಾಗಿರುವಷ್ಟು ಕಾಲ ತಕರಾರಿಲ್ಲ. ಮೊದಲು ಬಂದದ್ದೇ ಹೆಚ್ಚು ಸತ್ಯ, ಮೊದಲು ಬಂದವರದೇ ನೆಲ ಎಂಬ ವಾದ ಹುಟ್ಟಿ, ಅದಕ್ಕೆ ಪುರಾತತ್ವವನ್ನು ಸಾಕ್ಷಿಗೆ ಕರೆದಾಗ ತೊಡಕು ಶುರುವಾಗುತ್ತದೆ. ಈ ಸಾಕ್ಷಿ ಯಾರ ಪರವಾಗಿಯೂ ನುಡಿಯುವುದಿಲ್ಲ ಎಂದು ನನಗನಿಸುತ್ತದೆ.

ಇದೇ ಜಿಲ್ಲೆಯಲ್ಲಿ, ಮುಖ್ಯವಾಗಿ ನೀಲೇಶ್ವರದ ಸುತ್ತಲಿನ ಮುರಕಲ್ಲಿನ ಪದವುಗಳಲ್ಲಿ, ಬೃಹತ್‌ಶಿಲಾ ಕಾಲದ ಗೋರಿಗಳಾದ ಕಲ್ಲುಕೋಣೆಗಳಿವೆ. ಕಬ್ಬಿಣದ ಉಳಿಯಿಂದ ಕೊರೆದ ದುಂಡನೆಯ ನೆಲ, ಗುಮ್ಮಟದಂಥ ಮಾಡು, ಬಗ್ಗಿ ನುಗ್ಗಬೇಕಾದ ಕಿರುಬಾಗಿಲು, ಅದನ್ನು ಮುಚ್ಚಲು ಒಂದು ಚಪ್ಪಡಿ. ಇಂಥ ಕೋಣೆಗಳೊಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು ಸಿಗುತ್ತವೆ. ಎಲುಬು ಸಿಗುವುದು ಅಪರೂಪ. ಮುರಕಲ್ಲಿನ ಹುಳಿಮಣ್ಣು ಅದನ್ನು ಕರಗಿಸಿಬಿಡುತ್ತದೆ. ಸತ್ತವರಿಗಾಗಿ ಇಷ್ಟು ದುಡಿದವರು ಸಾವನ್ನು ಲಘುವಾಗಿ ಕಾಣಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅವರು ಯಾವ ದೇವರನ್ನು ಕರೆದರು, ಸತ್ತವರು ಮರಳುವರೆಂದು ನಂಬಿದರೋ ಇಲ್ಲವೋ ಎಂಬುದನ್ನು ಮಡಕೆ ಹೇಳಲಾರದು. ಶ್ರಮ ಕಲ್ಲಿನಲ್ಲಿ ಉಳಿಯುತ್ತದೆ, ಮಂತ್ರ ಉಳಿಯುವುದಿಲ್ಲ.

ಆ ಕಾಲವಾದರೂ ಹೊರಗಿನ ಗಾಳಿ ಸೋಕದ ಮೂಲಸ್ಥಿತಿಯಾಗಿತ್ತೇ? ಕೇರಳದ ಬೃಹತ್‌ಶಿಲಾ ಗೋರಿಗಳ ಕಾಲದ ಕೊನೆಯ ಶತಮಾನಗಳಲ್ಲೇ ರೋಮಿನ ಹಡಗುಗಳು ಈ ಕರಾವಳಿಗೆ ಮೆಣಸಿಗಾಗಿ ಬರುತ್ತಿದ್ದವು. ಮುಜಿರಿಸ್ ಬಂದರಿನ ಹತ್ತಿರ ನಿತ್ರಿಯಾಸ್‌ನ ಕಡಲ್ಗಳ್ಳರ ಕಾಟವಿದೆ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಎಚ್ಚರಿಸಿದ. ಆ ನಿತ್ರಿಯಾಸನ್ನು ನೇತ್ರಾವತಿಯ ದಡದಲ್ಲಿ ಗುರುತಿಸುವ ವಿದ್ವಾಂಸರಿದ್ದಾರೆ. 1847ರಲ್ಲಿ ಕಣ್ಣೂರು ಬಳಿಯ ಕೋಟ್ಟಯಂನಲ್ಲಿ ರೋಮನ್ ಚಿನ್ನದ ನಾಣ್ಯಗಳ ರಾಶಿಯೇ ಸಿಕ್ಕಿತು. ಮಧ್ಯಯುಗಕ್ಕೆ ಬಂದರೆ ಮಂಗಳೂರಿನ ಕದ್ರಿಯ ಸಾಕ್ಷಿ ಇನ್ನೂ ಕುತೂಹಲದ್ದು. ಆಳುಪ ದೊರೆ ಕುಂದವರ್ಮ ಅಲ್ಲಿನ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು 968ರ ಶಾಸನ ಹೇಳುತ್ತದೆ. ವಿಹಾರ, ಲೋಕೇಶ್ವರ ಎರಡೂ ಬೌದ್ಧ ಪರಂಪರೆಗೆ ಒಗ್ಗುವ ಹೆಸರುಗಳು. ದೊರೆಯಾದರೋ ತನ್ನನ್ನು ಶಿವಭಕ್ತನೆಂದು ಕರೆದುಕೊಂಡಿದ್ದಾನೆ. ಆ ಕಂಚಿನ ಮೂರ್ತಿ ಇಂದು ಮಂಜುನಾಥ ದೇವಸ್ಥಾನದಲ್ಲಿದೆ. ಜಾಗ ಅದೇ, ಮೂರ್ತಿಯೂ ಅದೇ, ಆದರೆ ಅರ್ಥ ಬದಲಾಗಿದೆ. ಶಾಸನ ಇಲ್ಲದಿದ್ದರೆ ಆ ಬದಲಾವಣೆ ನಮಗೆ ತಿಳಿಯುತ್ತಿತ್ತೇ? ಹಾಗಿರುವಾಗ, ಒಂದಕ್ಷರವೂ ಇಲ್ಲದ ಕಲ್ಲುಕೋಣೆಯಿಂದ ಇಂದಿನ ಗುಡಿಗೋ ದೈವಸ್ಥಾನಕ್ಕೋ ನೇರ ಗೆರೆ ಎಳೆಯುವುದು ದುಸ್ಸಾಹಸ.

ದೈವಾರಾಧನೆಯಲ್ಲೂ ಸತ್ತವರಿಗೆ ಗೌರವವಿದೆ, ಕಲ್ಲುಕೋಣೆಯಲ್ಲೂ ಇದೆ, ಇದು ಒಂದೇ ಎಳೆಯಲ್ಲವೇ ಎಂದು ಕೇಳಬಹುದು. ಇರಲೂಬಹುದು. ಆದರೆ ಸತ್ತವರನ್ನು ಗೌರವಿಸದ ಜನಾಂಗವೇ ಅಪರೂಪವಾಗಿರುವಾಗ ಹೋಲಿಕೆಯೊಂದರಿಂದಲೇ ವಂಶ ಸಾಬೀತಾಗದು. ನಡುವಿನ ಕೊಂಡಿಗಳನ್ನು ತೋರಿಸಬೇಕು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಯಾರೂ ತಮ್ಮದೆನ್ನದ ಗೋರಿಯನ್ನು ಕಲ್ಲಿನ ಕೋರೆಯಿಂದ ಉಳಿಸುವವರು ಯಾರು? ನಂಟಿನ ಕಥೆಯೇ ಅನೇಕ ಸಲ ಜಾಗವನ್ನು ಕಾಪಾಡಿದೆ, ನಿಜ. ಪಾಂಡವರ ಹೆಸರು ಹೇಳಿ ಜನ ಇಂಥ ಎಷ್ಟೋ ಕಲ್ಲುಗಳನ್ನು ಮುಟ್ಟದೆ ಬಿಟ್ಟಿದ್ದಾರೆ. ಆದರೆ ಅದೇ ನಂಟು ಒಬ್ಬರ ಹಕ್ಕುಪತ್ರವಾದ ದಿನ ಉಳಿದವರಿಗೆ ಅದು ಬೇಡವಾದ ಕಲ್ಲಾಗುತ್ತದೆ.

ಹಳತನ ಗೌರವಕ್ಕೆ ಕಾರಣವಾಗಲಿ, ಅಧಿಕಾರಕ್ಕೆ ಬೇಡ. ಒಂದು ಶ್ರದ್ಧೆಯ ಸತ್ಯ ತೀರ್ಮಾನವಾಗುವುದು ಅದು ಇಂದು ಮನುಷ್ಯರನ್ನು ಹೇಗೆ ಬಾಳಿಸುತ್ತದೆ ಎಂಬುದರಿಂದ. ಅದರ ವಯಸ್ಸಿಗೆ ಅಲ್ಲಿ ಮತವಿಲ್ಲ. ಅಪರಿಚಿತ ಸತ್ತವರ ಋಣ ಎಂಬುದೂ ನಮಗೆ ಹೊಸ ಕಲ್ಪನೆಯಲ್ಲ. ತರ್ಪಣ ವಿಧಿಯಲ್ಲಿ ಬಂಧುಗಳಿಲ್ಲದವರಿಗೂ ಒಂದು ಬೊಗಸೆ ನೀರು ಬಿಡುವ ಪದ್ಧತಿಯಿದೆ. ಹಾಗೆ ನೀರು ಬಿಡುವವನು ಅವರ ಗೋತ್ರ ಕೇಳುವುದಿಲ್ಲ, ಅವರ ಆಸ್ತಿಗೆ ವಾರಸುದಾರನೂ ಆಗುವುದಿಲ್ಲ. ಮುರಕಲ್ಲಿನ ಕೋಣೆಗಳಿಗೂ ನಾವು ಸಲ್ಲಿಸಬೇಕಾದದ್ದು ಅಂಥದೇ, ನಂಟು ಕೇಳದ ಗೌರವ.